ಎರಡಕ್ಷರ

ಮೊದಲ ದಿನ ನಿಸ್ಸೀಮ್ ಬೆನ್ರುಬಿ ಮೇಷ್ಟ್ರು
ಪುಸ್ತಕ ತೆರೆಯಲಿಲ್ಲ, ಕಿಟಕಿ ತೆರೆದರು.
ವರ್ದಾರಿಸ್ ಗಾಳಿ ನುಗ್ಗಿ ಹಾಜರಿ ಹಾಳೆ ಹಾರಿಸಿತು.
ನಾವಿದ್ದದ್ದೇ ಆರು ಮಂದಿ, ಬಾಯಲ್ಲೇ ಎಣಿಸಿದರು.
"ಅಗೋ, ಸೈಕಲ್ಲು ಒರಗಿಸಿದ್ದೀರಲ್ಲ, ಆ ಪೈನ್ ಮರದ ಬುಡ,
ಆಚೆಯ ಕ್ಯಾಂಟೀನು, ಈ ಕೋಣೆ, ಈ ಬೋರ್ಡು,
ಎಲ್ಲ ಸ್ಮಶಾನ. ನಮ್ಮದು.
ಥೆಸಲೋನಿಕಿಯ ವಿಶ್ವವಿದ್ಯಾಲಯ ಅದರ ಮೇಲೆಯೇ ಕೂತಿದೆ.
ಇರಲಿ. ಆಲೆಫ್ ಬರೆಯಿರಿ. ಬಲದಿಂದ."

ಬಲದಿಂದ ಎಡಕ್ಕೆ ಹೋಗುತ್ತ ನನ್ನ ಅಂಗೈ
ಬರೆದದ್ದನ್ನೆಲ್ಲ ಒರೆಸಿಕೊಂಡೇ ಬಂತು.

ಮಾರ್ಚಿಯಲ್ಲ, ಚಳಿಗಾಲವೇ ಇರಬೇಕು, ಲಾದಿನೋ ಶುರುವಾದದ್ದು:
ಸ್ಪೇನು ಓಡಿಸಿದ ಮೇಲೂ ಸ್ಪೇನಿನ ಮಾತನ್ನೇ
ಐನೂರು ವರ್ಷ ಬಾಯಲ್ಲಿಟ್ಟುಕೊಂಡ ಜನ
ಭಾನುವಾರವೊಂದಕ್ಕೆ ಮಾತ್ರ ಆ ಹೆಸರು ಬೇಡವೆಂದು
ಅರಬರಿಂದ ಕಡ ತಂದರು: ಅಲ್ಹದ್.
ನನಗೆ ನಗು ಬಂತು. ಪರೀಕ್ಷೆಗೂ ಬಂತು.

ಫೆಬ್ರವರಿಯಲ್ಲಿ ಅಜ್ಜಿ ಸುಲ್ತಾನಾಳ ಅಂಗಳದ ಕೊಳಾಯಿ ಸೋರಿ
ಒಗೆಯುವ ಕಲ್ಲನ್ನು ಎತ್ತಬೇಕಾಯಿತು.
ಎಷ್ಟು ಜಮಖಾನ ಬಡಿದ ಅಮೃತಶಿಲೆ!
ಅಮ್ಮನ ತೊಟ್ಟಿಲ ಬಟ್ಟೆ, ನನ್ನ ಕಾಲುಚೀಲ,
ಅಜ್ಜನ ಕೊನೆಯ ಹಾಸಿಗೆಯ ಚಾದರ.
ಕೆಳಮೈಗೆ ಗಾರೆ, ಗಾರೆಯೊಳಗೆ ಎರಡಕ್ಷರ.
ಎರಡೂ ಕಡೆ ಒಡೆದ ಅಂಚು.

"ನಾಲ್ಕಕ್ಷರ ಕಲಿಯಲಿ ಅಂತ ಕಳಿಸಿದ್ದೀವಲ್ಲ, ಓದು ಮತ್ತೆ."
ಓದಿದೆ: ಕಾಫ್, ಹೆತ್.
"ಬಲ ಅಂತ, ಅಜ್ಜಿ. ಶಕ್ತಿ."
ಕೊಳಾಯಿಯವನೂ ತಲೆದೂಗಿದ, ಕಲ್ಲಿಗೆ ಒಪ್ಪುವ ಮಾತು.

ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ ಹಾಳೆಯನ್ನು
ಮೇಷ್ಟ್ರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.
"ಮೂಲೆಯ ಗಾರೆ ನೀನು ಕೆರೆದಿಲ್ಲ.
ಇಲ್ಲೊಂದು ಹಿಮ್ಮಡಿ ಕಾಣುತ್ತದೆ. ಕಾಫ್‌ಗೆ ಹಿಮ್ಮಡಿಯಿಲ್ಲ, ಇದು ಬೇತ್.
ಇಲ್ಲಿ ಪಾದ ಹೊರಳಿದೆ. ತಾವ್.
ಬತ್.
ಮಗಳು."
ಮನೆಪಾಠ ತಿದ್ದುವ ಹಾಗೆ ಕೆಂಪು ಶಾಯಿಯಲ್ಲಿ ತಿದ್ದಿದರು.
"ಬಲಕ್ಕೆ ಅವಳ ಹೆಸರಿತ್ತು, ಎಡಕ್ಕೆ ಅಪ್ಪನದು.
ಉಳಿದದ್ದು ನಡುವಿನ ಮಾತು."
ಕೆಮ್ಮಿದರು. ಅರ್ಧ ಅಂಕ ಕಳೆದರು.
ಅವತ್ತು ಕಿಟಕಿ ಮುಚ್ಚಿಯೇ ಇತ್ತು.

ಮೇಲೂರಿನ ಬಸ್ಸು ಏರುದಾರಿಯಲ್ಲಿ ನರಳುತ್ತ ಹೋಯಿತು.
ಏನೆಲ್ಲ ಹೇಳಬೇಕೆಂದು ಸಾಲು ಜೋಡಿಸಿಕೊಂಡಿದ್ದೆ,
ಇಸವಿ, ಆಜ್ಞೆ, ಗಾಡಿಗಟ್ಟಲೆ ಸಾಗಿಸಿದ ಕಲ್ಲು,
ಈ ಊರಿನ ಎಷ್ಟು ಮೆಟ್ಟಿಲು, ಎಷ್ಟು ಗೋಡೆ.
ಹೇಳಿದ್ದು ಒಂದೇ ಶಬ್ದ.
ಅಜ್ಜಿ ಕೇಳಿದ್ದೂ ಒಂದೇ:
"ಯಾರ ಮಗಳು?"

ಜಮಖಾನ ಬಕೆಟ್ಟಿನಲ್ಲಿ ಮೂರು ದಿನದಿಂದ ನೆನೆದಿತ್ತು.
ಗೋಡೆಗೆ ಆನಿಸಿದ ಕಲ್ಲು, ಮುಖ ಅಂಗಳದ ಕಡೆಗೆ.
ಅಜ್ಜಿ ಏನೂ ಆಡಲಿಲ್ಲ. ಸಿಮೆಂಟಿನ ನೆಲದಲ್ಲೇ ಕುಕ್ಕರಗಾಲಲ್ಲಿ ಕೂತು
ಜಮಖಾನ ಹಿಂಡತೊಡಗಿದಳು,
ನೊರೆನೀರು ಅತ್ತ ಹರಿಯದಂತೆ
ಪಾದ ಅಡ್ಡ ಹಿಡಿದು.