ಸದ್ದಡಗಿಸುವ ಬಟ್ಟೆ

ವಿಕ್ ಊರಿನ ಚರ್ಚ್ ಹಾಲಿನ ಪಿಯಾನೊ
ಹೋದ ಮಾರ್ಚಿನಲ್ಲಿ ತೀರಿಕೊಂಡಿತು.
ವರ್ಷ ವರ್ಷ ಶ್ರುತಿ ಮಾಡಿದವಳು ನಾನೇ,
ಕೊನೆಗೆ ತಿರುಪು ಬಿಚ್ಚಿದವಳೂ ನಾನೇ.
ತಂತಿ ಗುಜರಿಗೆ ಹೋಯಿತು,
ಮರ ಯಾರದೋ ಕೋಳಿಗೂಡಿಗೆ.
ಫೆಲ್ಟ್ ಮಾತ್ರ ಯಾರಿಗೂ ಬೇಡವಾಯಿತು.
ಬಿಸ್ಕತ್ತಿನ ಡಬ್ಬಿಗೆ ತುಂಬಿ ತಂದೆ:
ಮಣೆಗಳ ಕೆಳಗೆ ಹಾಸಿದ್ದ ಕೆಂಪು ಪಟ್ಟಿ,
ತಂತಿಗಳ ಮೇಲೆ ಕೂತು ನಾದ ಅಡಗಿಸುತ್ತಿದ್ದ
ಬಿಳಿಯ ಬೆಣೆಗಳು.

ತೊಂಬತ್ತು ವರ್ಷ ಅವಕ್ಕೆ ಒಂದೇ ಕಸುಬು:
ಸಾಕು, ಇನ್ನು ಸುಮ್ಮನಿರು ಅನ್ನುವುದು.

ಅಕ್ಟೋಬರ್ ಮೂವತ್ತು. ನಾಲ್ಕೂವರೆಗೇ ಕತ್ತಲು.
ಪಕ್ಕದ ಮನೆಯ ಇಷ್‌ಬೆಲ್ ಹೊಸ್ತಿಲಲ್ಲಿ
ಟರ್ನಿಪ್ ಗಡ್ಡೆ ಕೊರೆದು ಮುಖ ಮಾಡಿ ಇಟ್ಟಿದ್ದಳು,
ಒಳಗೊಂದು ಮೋಂಬತ್ತಿ.
ಗಡ್ಡೆ ಬೇಯುವ ವಾಸನೆ ನನ್ನ ಅಡುಗೆಮನೆಯವರೆಗೆ.
‘ನಿನ್ನ ಬಾಗಿಲು ಬೋಳಾಗಿದೆ’ ಅಂದಳು ಗೋಡೆಯಾಚೆಯಿಂದ.
ಬೋಳು ಅಂದದ್ದು ನಾಟಿತು.
ಡಬ್ಬಿ ತೆಗೆದೆ.

ಹಳೆಯ ಬಿಲ್ಲಿನ ಬೆನ್ನಿಗೆ ಬಾವಲಿ ಬರೆದೆ,
ಅರ್ಧ ಮಾತ್ರ. ಮಡಚಿ ಕತ್ತರಿಸಿದರೆ
ಇನ್ನರ್ಧ ತಾನೇ ಬರುತ್ತದೆಂಬ ನಂಬಿಕೆ.
ಬಂತು. ಆದರೆ ಪಟ್ಟಿ ಸಾಲದೆ
ಎಡರೆಕ್ಕೆ ಒಂದು ಬೆರಳು ಮೋಟು.
ನುಸಿ ತಿಂದ ತೂತು ಸರಿಯಾಗಿ ಕಣ್ಣಿನ ಜಾಗಕ್ಕೆ ಬಿತ್ತು,
ಇನ್ನೊಂದು ಕಣ್ಣು ನಾನು ಕೊರೆದೆ,
ನುಸಿಯಷ್ಟು ಚೆನ್ನಾಗಿ ಬರಲಿಲ್ಲ.

ತಂತಿ ಎಳೆದೆಳೆದು ಜಡ್ಡುಗಟ್ಟಿದ ಬೆರಳಿಗೆ
ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ.
ಕೆಂಪಿನ ಮೇಲೆ ಕೆಂಪು, ಬಟ್ಟೆ ಗುಟ್ಟು ಬಿಡಲಿಲ್ಲ.
ಕಂಬಳಿಯಂಚಿನ ಹೊಲಿಗೆ:
ಚುಚ್ಚು, ಕುಣಿಕೆಯೊಳಗೆ ನುಸುಳು, ಎಳೆ.
ಬಿಗಿ ಎಳೆದರೆ ಅಂಚು ಮುದುಡುತ್ತದೆ,
ಸಡಿಲ ಬಿಟ್ಟರೆ ಹೊಟ್ಟೆ ಬಾಯ್ಬಿಡುತ್ತದೆ.
ತಂತಿಗಳಿಗೂ ಇದನ್ನೇ ಹೇಳುತ್ತಿದ್ದೆ.
ಹತ್ತಿ ಇರಲಿಲ್ಲ ಮನೆಯಲ್ಲಿ.
ಬಿಳಿಯ ಬೆಣೆಗಳನ್ನೇ ತುರುಕಿದೆ,
ಮಂದ್ರದವು ಮೂರು, ಮಧ್ಯದವು ಹನ್ನೊಂದು.
ತಲೆಕೆಳಗಾಗಿ ಬಾಗಿಲಿಗೆ ನೇತುಹಾಕಿದೆ.

ಮರುದಿನ ಸಂಜೆ ಮಕ್ಕಳ ಗುಂಪು.
ಇಲ್ಲಿ ಸುಮ್ಮನೆ ಕೈಚಾಚಿದರೆ ಮಿಠಾಯಿ ಇಲ್ಲ,
ಹಾಡಬೇಕು, ಇಲ್ಲ ಒಗಟು, ಇಲ್ಲ ಒಂದು ಲಾಗ.
ಮಾಟಗಾತಿ ಪದ್ಯವನ್ನು ಅರ್ಧಕ್ಕೆ ಮರೆತಳು.
ಅಸ್ಥಿಪಂಜರ ಕೋಳಿಯ ಜೋಕು ಹೇಳಿತು,
ಹೋದ ವರ್ಷದ್ದೇ,
ನಾನೂ ಹೋದ ವರ್ಷದಷ್ಟೇ ನಕ್ಕೆ.
ಕೊನೆಗೆ ಉಳಿದವನು ರೂರಿ,
ದಿಂಬಿನ ಚೀಲ ಹೊದ್ದ ಭೂತ, ಕೆಳಗೆ ರಬ್ಬರ್ ಬೂಟು.
ಬಾಯಿ ಬಿಡಲಿಲ್ಲ.
ಅಕ್ಕ ತಿವಿದಳು. ಬಿಡಲಿಲ್ಲ.
ತೂತುಗಳೊಳಗಿನ ಕಣ್ಣು ಬಾವಲಿಯ ಮೇಲೆ.

‘ಬಾವಲಿ ಕಪ್ಪಗಿರಬೇಕು.’
ಇದು ಕೆಂಪೇ, ಅಂದೆ.
‘ಕೂಗುತ್ತಾ?’
ಕೂಗುತ್ತೆ. ನಮ್ಮ ಕಿವಿಗೆ ನಿಲುಕದಷ್ಟು ಮೇಲೆ.

ಯೋಚಿಸಿದ. ಕೈಯನ್ನು ಹಿಂದೆ ಕಟ್ಟಿ ನೆಟ್ಟಗೆ ನಿಂತ.
ಬಾವಲಿಯ ಮನೆಗೆ ಬಂದವರು ಜೋತುಬೀಳಲೇಬೇಕಲ್ಲ.
ಬಾಯಿಯ ಹತ್ತಿರ ದಿಂಬಿನ ಬಟ್ಟೆ
ಒಳಗೆ ಹೋಯಿತು, ಹೊರಗೆ ಬಂತು,
ಒಳಗೆ, ಹೊರಗೆ.
ಬೀದಿಯಲ್ಲಿ ಗಾಳಿ. ಬಂದರಿನ ಕಡೆ ದೋಣಿಯೊಂದರ ಸರಪಳಿ.
ಪಲ್ಲವಿ, ಎರಡು ಚರಣ, ಮತ್ತೆ ಪಲ್ಲವಿ
ಹಿಡಿಯುವಷ್ಟು ಹೊತ್ತು.
ಆಮೇಲೆ ತಲೆ ಬಾಗಿಸಿದ:
‘ಮುಗೀತು.’

ಮೂವತ್ತೊಂದು ವರ್ಷ ಕಿವಿಯಿಂದಲೇ ಉಂಡವಳು ನಾನು.
ಎರಡನೆಯ ಚರಣದಲ್ಲಿ ಶ್ರುತಿ ಚೂರು ಇಳಿದಿತ್ತು.
ಹೇಳಲಿಲ್ಲ.
ಉಳಿದವರಿಗೆ ಎರಡೆರಡು ಟಾಫಿ,
ಅವನಿಗೆ ಮೂರು.

ಇಷ್‌ಬೆಲ್‌ಳ ಟರ್ನಿಪ್ ನಾಲ್ಕನೆಯ ದಿನಕ್ಕೆ
ಬೊಚ್ಚುಬಾಯಿಯಾಗಿ ಕುಸಿಯಿತು.
ನನ್ನದು ಇನ್ನೂ ಅಲ್ಲೇ ಇದೆ,
ಮೋಟು ರೆಕ್ಕೆಯ ಕಡೆಗೆ ವಾಲಿ ತಿರುಗುತ್ತದೆ.
ಶಾಲೆ ಬಿಟ್ಟ ಹೊತ್ತಿಗೆ ರಬ್ಬರ್ ಬೂಟುಗಳೆರಡು
ಗೇಟಿನ ಬಳಿ ಒಂದು ಗಳಿಗೆ ನಿಲ್ಲುತ್ತವೆ,
ಏನೋ ಕೇಳಿಸಿಕೊಂಡು ಹೋಗುತ್ತವೆ.