ಹದಿನಾಲ್ಕನೇ ವೋಚರು

ಮಾನ್ಯರೇ,
ನಲವತ್ತು ಸಾವಿರಕ್ಕೆ ಲೆಕ್ಕ ಕೇಳಿದ್ದಿರಿ, ಕೊಟ್ಟಿದ್ದೇನೆ.
ಬಸ್ಸಿನ ಟಿಕೆಟ್ಟುಗಳನ್ನು ಹಾಳೆಗೆ ಅಂಟಿಸಿದ್ದೇನೆ.
ಶಿಡ್ಲಘಟ್ಟದ ಲಾಡ್ಜಿನ ಬಿಲ್ಲಿನ ಮೇಲೆ
ಟೀ ಲೋಟದ ಉಂಗುರವಿದೆ, ಕ್ಷಮಿಸಿ.
ಹದಿನಾಲ್ಕನೆಯದನ್ನು ಮಾತ್ರ
ಕೆಂಪು ಶಾಯಿಯಲ್ಲಿ ತಡೆಹಿಡಿದಿದ್ದೀರಿ:
"ಹೆಬ್ಬೆಟ್ಟು ಅಸ್ಪಷ್ಟ."

ಹೌದು, ಅಸ್ಪಷ್ಟವೇ.

ನನ್ನ ಜೊತೆ ಆಯ್ಕೆಯಾದವರಲ್ಲಿ
ಒಬ್ಬ ಲಡಾಖಿಗೆ ಹೋದ, ಇನ್ನೊಬ್ಬಳು ಕಛ್‌ಗೆ.
ಸಂದರ್ಶನದಲ್ಲಿ ನೀವು ನಕ್ಕಿದ್ದಿರಿ,
ಪ್ರವಾಸದ ಫೆಲೋಶಿಪ್ಪಿಗೆ ಇಷ್ಟು ಹತ್ತಿರದ ಊರೇ ಎಂದು.
ಹುಳುವಿಗೆಂದು ಕಟ್ಟಿದ ಮನೆಗಳು, ಅಂದೆ ನಾನು,
ಮನುಷ್ಯರ ಮನೆಗಿಂತ ಎಚ್ಚರದಿಂದ ಕಟ್ಟಿದವು.
ಅರ್ಜಿಯಲ್ಲಿ ಒಂದು ಕಾಲಂ ಇತ್ತು:
ಈ ವಿಷಯಕ್ಕೂ ನಿಮಗೂ ಸಂಬಂಧ?
"ಶೈಕ್ಷಣಿಕ ಆಸಕ್ತಿ" ಎಂದು ತುಂಬಿದೆ.

ಅಕ್ಕಯಮ್ಮ ಬಾಗಿಲಲ್ಲೇ ತಡೆದಳು.
"ಹೂವ ತೆಗಿ. ಸೆಂಟು ಹಾಕಿದ್ರೆ ನೀರು ಹಾಕ್ಕೊಂಡು ಬಾ.
ಕಾಲು ಇದ್ರಾಗೆ ಅದ್ದು."
ಬ್ಲೀಚಿಂಗ್ ಪುಡಿಯ ನೀರು, ಬೆರಳ ಸಂದಿ ಉರಿಯಿತು.
ಒಳಗೆ ಲೇಸರಿನ ಕೆಂಪು ಚುಕ್ಕಿಯನ್ನು
ಗೋಡೆಗೆ ಇಟ್ಟೆನೋ ಇಲ್ಲವೋ, ಕೈ ಹಿಡಿದಳು:
"ನಾಕ್ನೇ ಜ್ವರ. ಇವತ್ತು ಯಾರೂ ಏನೂ ಮಾಡಂಗಿಲ್ಲ."
ತಟ್ಟೆ ತಟ್ಟೆಯಲ್ಲೂ ಸಾವಿರ ತಲೆ
ಮೇಲೆತ್ತಿಕೊಂಡು ನಿಂತಿದ್ದವು,
ಸೊಪ್ಪು ಮುಟ್ಟದೆ, ಚರ್ಮ ಬಿಡುವುದನ್ನು ಕಾಯುತ್ತ.
ಒಂದೂವರೆ ದಿನ ನಾನು ಜಗುಲಿಯಲ್ಲಿ ಕೂತೆ.
ಅದರ ಊಟದ ಖರ್ಚೂ ನಿಮ್ಮ ಲೆಕ್ಕದಲ್ಲೇ ಇದೆ.

ಮೂರನೇ ದಿನ ತಾನೇ ಅಳತೆ ಹೇಳತೊಡಗಿದಳು, ಗೇಣಿನಲ್ಲಿ.
ಕಿಟಕಿ ಮೂರು ಗೇಣು, ನೆಲದಿಂದ ಐದು,
ಸೂರಿನಡಿಯ ಬೆಳಕಿಂಡಿ
ಗೇಣಿಗೆ ಎರಡು ಬೆರಳು ಕಮ್ಮಿ.
ಟೇಪು ಹಿಡಿದು ನೋಡಿದೆ. ಸರಿಯಿತ್ತು.
ಆಗ ಕಂಡದ್ದು ಆ ಬೆರಳುಗಳು:
ತುದಿ ನುಣ್ಣಗೆ, ಬಿಳಿ, ಗೆರೆಯೇ ಇಲ್ಲ.
"ಒಂಬತ್ತು ವರ್ಸಕ್ಕೇ ಬಿಸ್ನೀರಿಗೆ ಕೈ ಬಿಟ್ಟೋಳು,
ಗೂಡು ಬೇಯೋ ಬಾಂಡ್ಲಿ.
ರೇಷನ್ ಮಿಷಿನ್ನೂ ನನ್ನ ಒಪ್ಪಲ್ಲ" ಎಂದು ನಕ್ಕಳು.
ಯಾರ ರಾಟೆಯಲ್ಲಿ ಎಂದು ನಾನು ಕೇಳಲಿಲ್ಲ.
ಅದೇ ಪೇಟೆಯಲ್ಲಿ ನಮ್ಮ ತಾತನಿಗೂ ಎಂಟು ಬಾಂಡಲಿ ಇದ್ದವು.
ಆ ಜಾಗ ಮಾರಿದ ದುಡ್ಡೇ ನನ್ನ ಕಾಲೇಜಿನ ಫೀಸು.
ಅರ್ಜಿಯ ಕಾಲಮ್ಮನ್ನು ಈಗ ತಿದ್ದಲು ಬರುತ್ತದೆಯೇ?

ಗೌರವಧನ ಐನೂರು. ಎಣಿಸದೆ ಸೊಂಟಕ್ಕೆ ಸಿಕ್ಕಿಸಿದಳು.
ಇಂಕಿನ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ, ಚೀಟಿಗೆ ಒತ್ತಿ,
ಮತ್ತೆ ಒತ್ತಿ, ಮೂರನೇ ಸಲ ಉಸಿರು ಕಟ್ಟಿ ಒತ್ತಿದಳು.
ಮೂರು ನೇರಳೆ ಕಲೆ.

ಆಮೇಲೆ ಪೆಟ್ಟಿಗೆಯಿಂದ ಹೊಸ ಶೆಡ್ಡಿನ ನಕ್ಷೆ ತಂದಳು,
ಯಾರೋ ಕೊಟ್ಟ ಜೆರಾಕ್ಸು, ಮಡಿಕೆಯಲ್ಲಿ ಹರಿದದ್ದು.
ಪಡುವಣಕ್ಕೆ ಒಂದೇ ದೊಡ್ಡ ಕಿಟಕಿ.
"ಇದನ್ನ ಗೀಚಿದೋನು ಯಾವತ್ತಾನ ಚಂದ್ರಿಕೆ ಎತ್ತವ್ನಾ?"
ಬೆಳಕು ಒಂದೇ ಮಗ್ಗುಲಿಂದ ಬಿದ್ದರೆ
ಹಣ್ಣಾದ ಹುಳುಗಳು ಕತ್ತಲ ಕಡೆಗೆ ಸರಿದು
ಒತ್ತೊತ್ತಿಗೆ ನೂಲುತ್ತವಂತೆ.
ಜೋಡಿ ಗೂಡು. ಅದಕ್ಕೆ ಬೆಲೆ ಬರುವುದಿಲ್ಲ.
"ನೀನು ಬರಿ, ನಾನು ಹೇಳ್ತೀನಿ."
ಕೈಗೆ ಸಿಕ್ಕ ಕಾಗದದ ಹಿಂಬದಿಯಲ್ಲಿ ಬರೆದೆ,
ಅಳಿಸಿದೆ, ಒಂದು ಗೇಣು ತೆಂಕಲಿಗೆ ಸರಿಸಿದೆ,
ಬಡಗಲಿಗೆ ಇನ್ನೊಂದು ತೆರೆದೆ.
ನಾಲ್ಕು ವರ್ಷದಲ್ಲಿ ಮ್ಯೂಸಿಯಂ ಬರೆದಿದ್ದೇನೆ,
ವಿಮಾನ ನಿಲ್ದಾಣ ಬರೆದಿದ್ದೇನೆ;
ಯಾವುದಕ್ಕೂ ಒಂದು ಇಟ್ಟಿಗೆ ಬಿದ್ದಿಲ್ಲ.

ಆದ್ದರಿಂದ ಮಾನ್ಯರೇ,
ಐನೂರನ್ನು ನನ್ನ ಕೊನೆಯ ಕಂತಿನಲ್ಲಿ ಮುರಿದುಕೊಳ್ಳಿ,
ತಕರಾರಿಲ್ಲ. ವೋಚರನ್ನು ಮಾತ್ರ ವಾಪಸು ಕಳಿಸಿ,
ಆದಷ್ಟು ಬೇಗ, ಸ್ಪೀಡ್ ಪೋಸ್ಟಿನಲ್ಲಿ.
ಕಿಟಕಿಗಳು ಅದರ ಬೆನ್ನ ಮೇಲಿವೆ.
ಗಾರೆ ದ್ಯಾವಪ್ಪ ಸೋಮವಾರ ಕೆಲಸಕ್ಕೆ ಬರುತ್ತಾನೆ.

ಇಂತಿ,
ಲಾವಣ್ಯ ಪಿ., ನಾಲ್ಕನೇ ವರ್ಷ