ಬೀಗದ ಕೈಬರಹ

ಗೋಣಿಕೊಪ್ಪದ ಬಸ್ ಸ್ಟ್ಯಾಂಡ್ ಎದುರು, ಮೆಟ್ಟಿಲ ಕೆಳಗೆ,
ಮೂರಡಿ ಅಗಲದ ಅಂಗಡಿ ನನ್ನದು.
ಸ್ಟೇಷನ್ನಿನಲ್ಲಿ ದೂರು ಬರೆಸಿ ನೇರ ಇಲ್ಲಿಗೆ ಬರುತ್ತಾರೆ
ಮುರಿದ ಬೀಗವನ್ನು ಟವೆಲಿನಲ್ಲಿ ಸುತ್ತಿಕೊಂಡು,
ಸತ್ತ ಹಕ್ಕಿಯನ್ನು ತಂದ ಹಾಗೆ.
"ಇದು ಸರಿಹೋಗುತ್ತಾ?"
ಸರಿಹೋಗುವುದಿಲ್ಲ. ಆದರೂ ಇಸಕೊಳ್ಳುತ್ತೇನೆ,
ಓದಲು.

ಹುಣಸೂರು ರಸ್ತೆಯ ಮಗ್ಗುಲಿಗೇ ಕನ್ನ ಹಾಕುವವನೊಬ್ಬ.
ಒಳದಾರಿಗೆ ಇಳಿಯುವ ತಾಳ್ಮೆ ಇಲ್ಲ ಅವನಿಗೆ.
ಹಾರೆ ಹಾಕಿ ಎತ್ತಿದ್ದಾನೆ, ಚಿಲಕ ಚೌಕಟ್ಟಿನ ಸಮೇತ ಕಿತ್ತುಬಂದಿದೆ;
ಪಕ್ಕದ ಕಿಟಕಿ ಆ ರಾತ್ರಿ ತೆರೆದೇ ಇತ್ತಂತೆ.
ಟಿವಿ ಹೊತ್ತ, ಅರ್ಧ ದಾರಿಯಲ್ಲಿ ಭಾರವಾಯಿತೋ ಏನೋ,
ಕಾಫಿ ಗಿಡದ ಬುಡದಲ್ಲಿ ಕೂರಿಸಿ ಹೋದ.
ಇಂಥವನು ಅನ್ನಕ್ಕೆ ಕೂತರೂ ಬಿಸಿ ಆರುವ ತನಕ ಕಾಯುವುದಿಲ್ಲ,
ನಾಲಿಗೆ ಸುಟ್ಟುಕೊಂಡೇ ಏಳುತ್ತಾನೆ.

ಇನ್ನೊಬ್ಬ, ಪೊನ್ನಂಪೇಟೆ ಕಡೆಯವನಿರಬೇಕು,
ಬಚ್ಚಲ ಕಿಟಕಿಯ ಗಾಜಿನ ಪಟ್ಟಿಗಳನ್ನು ಒಂದೊಂದೇ ಎಳೆದು
ಅಂಚಿಗೆ ಅಂಚು ಸೇರಿಸಿ ಗೋಡೆಗೆ ಒರಗಿಸಿಟ್ಟಿದ್ದ.
ಚಪ್ಪಲಿ ಹೊರಗೆ ಬಿಟ್ಟು ಒಳಹೋದ ಗುರುತು.
ಬೀರುವಿನಲ್ಲಿ ಸೀರೆಯ ಮಡಿಕೆ ಕೆಟ್ಟಿಲ್ಲ,
ಪತ್ತಾಕ್ ಇದ್ದಲ್ಲೇ ಇದೆ, ಎರಡು ಬಳೆ ಮಾತ್ರ ಇಲ್ಲ.
ಮನೆಯವರಿಗೆ ಗೊತ್ತಾದದ್ದು ಹನ್ನೊಂದು ದಿನದ ಮೇಲೆ,
ಮದುವೆಗೆ ಹೊರಟಾಗ.
ಅವನು ಅದೇ ಓಣಿಗೆ ಮೂರು ಸಲ ಬಂದ.
ಅಚ್ಚುಕಟ್ಟಿನವರಿಗೆ ಹೊಸ ಜಾಗ ಆಗಿಬರುವುದಿಲ್ಲ.

ಬಾಳೆಲೆಯ ಕರಿಮೆಣಸಿನ ಗೋಡೌನಿನಲ್ಲಿ
ಎರಡು ಮೂಟೆ ಹೊತ್ತವನು, ಉಳಿದದ್ದಕ್ಕೆ ಹಂದಿ ನುಗ್ಗೀತೆಂದು
ಬಾಗಿಲು ಮುಚ್ಚಿ ಕಲ್ಲು ಒರಗಿಸಿ ಹೋಗಿದ್ದ.
ಬೆಳೆದು ಗೊತ್ತಿದ್ದವನೇ. ಅವನ ಬೀಗವನ್ನು ನಾನು ಬೇಗ ಮುಚ್ಚಿಟ್ಟೆ.

ಮಾತುಗಾರನದು ಬೇರೆ ದಾರಿ. ನಡುಹಗಲಲ್ಲಿ ಬೆಲ್ ಒತ್ತಿ,
ಹೋಂಸ್ಟೇ ರೂಮು ಖಾಲಿ ಇದೆಯೇ ಎಂದು ಕೇಳಿ,
ಕಾಫಿ ಕುಡಿದು, ಗೋಡೆಯ ಕೋವಿ ಯಾರ ಕಾಲದ್ದೆಂದು ವಿಚಾರಿಸಿ,
ನಾಯಿಯ ಹೆಸರು ಕಲಿತು ಹೋಗಿದ್ದ.
ಹುತ್ತರಿಯ ರಾತ್ರಿ ಮನೆಮಂದಿಯೆಲ್ಲ ಕದಿರು ತೆಗೆಯಲು ಗದ್ದೆಗಿಳಿದಾಗ,
ಕೋವಿಯೂ ಅವರ ಜತೆಗೇ ಹೋಗಿದ್ದಾಗ,
ನಾಯಿ ಬೊಗಳಲಿಲ್ಲ.
ಹೆಸರು ಹಿಡಿದು ಕರೆದವನಿಗೆ ಯಾಕೆ ಬೊಗಳಬೇಕು?

ಎಸ್ಸೈ ಕೇಳಿದರು: ನಿನಗೆ ಹೇಗಯ್ಯಾ ಇಷ್ಟೆಲ್ಲ ಗೊತ್ತು?
ನಕ್ಕೆ. ಕೈ ಮಾತ್ರ ತಾನಾಗಿ ಹೆಗಲಿಗೆ ಹೋಯಿತು,
ಕುಂಬಳಕಾಯಿಯ ಬೂದಿ ಇನ್ನೂ ಇದೆಯೋ ಎಂಬಂತೆ.

ಪುಕ್ಕಲರ ವಿಷಯ ಅವರಿಗೆ ಹೇಳಲಿಲ್ಲ.
ಹೆದರುವವನು ಬಂಗಲೆಗೆ ಹೋಗುವುದಿಲ್ಲ: ಗೇಟು, ಲೈಟು, ಕೋವಿ.
ಕಣ್ಣು ಕಟ್ಟಿದರೂ ನಡೆಯಬಲ್ಲ ಮನೆಗೇ ಹೋಗುತ್ತಾನೆ.
ಹದಿನಾಲ್ಕರಲ್ಲಿ ನಾನು ಹೋದದ್ದು ಅತ್ತೆಯ ಲೈನ್ ಮನೆಗೆ,
ಹಾರ್ಲಿಕ್ಸ್ ಬಾಟಲಿಯೊಳಗಿನ ಬೋನಸ್ಸಿಗೆ.
ಎಸ್ಟೇಟಿನ ಬಂಗಲೆಯಲ್ಲಿ ಅದರ ನೂರು ಪಾಲು ಇತ್ತು.
ನನಗೆ ಧೈರ್ಯವಿದ್ದಿದ್ದರೆ
ಅತ್ತೆ ಆ ಮಳೆಗಾಲಕ್ಕೆ ಕಂಬಳಿ ಕೊಳ್ಳುತ್ತಿದ್ದಳು.

ಮೊನ್ನೆ ದೇಚಮ್ಮ ತಂದ ಬೀಗ ಮುರಿದೇ ಇರಲಿಲ್ಲ.
"ದುಡ್ಡು ಹೋಗಿದೆ, ಬೀಗ ಹಾಕಿದ ಹಾಗೇ ಇದೆ.
ನಾನೇ ಎಲ್ಲಾದರೂ ಇಟ್ಟು ಮರೆತೆನೋ" ಎಂದು
ನನ್ನನ್ನೇ ಕೇಳಿದಳು.
ಭೂತಗನ್ನಡಿ ಹಿಡಿದೆ. ಕೀಲಿಕಿಂಡಿಯಲ್ಲಿ
ಎಡಕ್ಕೆ ವಾಲಿದ ಒಂದೇ ಗೀರು.
ಒಳಗೆ ಎಣ್ಣೆ. ಹೊಸದು. ಎರಡೇ ಹನಿ.
ಇಪ್ಪತ್ತು ವರ್ಷ ದೇಚಮ್ಮ ಎಣ್ಣೆ ಕಾಣಿಸದ ಬೀಗ.

ನನ್ನ ಹಿಂದೆ ಕುಶಾಲ ಕೀಲಿ ಉಜ್ಜುತ್ತಿದ್ದ.
ಹೆಸರಿಗಷ್ಟೇ ಕುಶಾಲು, ಹುಡುಗ ನಗುವುದು ಕಡಿಮೆ.
ಎಡಗೈಯವನು. ಒಣಗಿದ ಬೀಗ ಕಂಡರೆ ತಡೆಯದು ಅವನಿಗೆ,
ಊಟ ಬಿಟ್ಟಾದರೂ ಎಣ್ಣೆ ಬಿಡುತ್ತಾನೆ.
ದೇಚಮ್ಮನ ಮನೆ ಅವನ ಮನೆಯಿಂದ ಮೂರನೆಯದು.

"ಹೊಸದು ಹಾಕಿಸಿ" ಎಂದೆ. ದುಡ್ಡು ತೆಗೆದುಕೊಳ್ಳಲಿಲ್ಲ.
ಉಜ್ಜುವ ಸದ್ದು ನಿಂತಿತ್ತು.
ಅವಳು ಹೋದ ಮೇಲೆ ಹಳೆಯ ಬೀಗ ಅವನ ಮುಂದಿಟ್ಟೆ.
ಬಹಳ ಹೊತ್ತು ನೋಡಿದ.
ಆಮೇಲೆ, ಅಭ್ಯಾಸಬಲ, ಕೈ ಎಣ್ಣೆಯ ಬುಡ್ಡಿಗೆ ಹೊರಟಿತು,
ಅರ್ಧಕ್ಕೆ ನಿಂತಿತು.